ಇಬ್ಬರು ಗೆಳೆಯರು, ಒಂದು ಆಲ್ಬಂ, ಎರಡು ಅಂಕ: ಹೊಸ ಹಾಡುಗಳನ್ನು ಕೂಡಿ ವಿಮರ್ಶಿಸಲು ಸಮಗ್ರ ಮಾರ್ಗದರ್ಶಿ

ನಮ್ಮಿಬ್ಬರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಆಲ್ಬಂನ ಹೆಸರಿದೆ. ಅದರ ಕೆಳಗೆ ‘ಚೆನ್ನಾಗಿದೆ, 7/10’ ಎಂದು ಬರೆದಿದೆ. ಅಷ್ಟೇ. ನಾನೂ ನನ್ನ ಗೆಳೆಯನೂ ಕೂಡಿ ಬರೆದ ಮೊದಲ ವಿಮರ್ಶೆ ಅದು. ಅವನು ಎಂಟು ಎಂದಿದ್ದ, ನಾನು ಆರು ಎಂದಿದ್ದೆ. ದರ್ಶಿನಿಯಲ್ಲಿ ಮುಂದಿಟ್ಟ ಕಾಫಿ ಆರುತ್ತಿತ್ತು. ಏಳಕ್ಕೆ ರಾಜಿಯಾಗಿ ಎದ್ದು ಬಂದೆವು. ಈಗ ಆ ಪುಟ ತೆರೆದರೆ ಇಬ್ಬರಿಗೂ ನಗು ಬರುತ್ತದೆ, ಏಕೆಂದರೆ ಏಳು ಇಬ್ಬರಲ್ಲಿ ಯಾರ ಅಭಿಪ್ರಾಯವೂ ಆಗಿರಲಿಲ್ಲ. ಅವನಿಗೆ ಏನು ಹಿಡಿಸಿತ್ತು, ನನಗೆ ಎಲ್ಲಿ ಕಸಿವಿಸಿಯಾಗಿತ್ತು ಎಂಬುದನ್ನು ಆ ಅಂಕ ನುಂಗಿಹಾಕಿದೆ.

ಎರಡನೆಯ ಪುಟದಿಂದ ಪ್ರತಿ ಆಲ್ಬಂಗೂ ಎರಡು ಅಂಕಗಳಿವೆ, ಅಕ್ಕಪಕ್ಕದಲ್ಲಿ. ಸರಾಸರಿ ಎಲ್ಲಿಯೂ ಇಲ್ಲ. ಕೆಳಗೆ ಬರೆದಿರುವ ಕ್ರಮವೆಲ್ಲ ಹುಟ್ಟಿದ್ದು ಆ ಒಂದು ಬದಲಾವಣೆಯಿಂದ. ನಾವು ಹೆಚ್ಚಾಗಿ ಕೇಳುವುದು ಕನ್ನಡ ಚಿತ್ರಗೀತೆಗಳನ್ನು. ಹಾಗಾಗಿ ಉದಾಹರಣೆಗಳು ಅಲ್ಲಿಯವೇ. ಭಾವಗೀತೆಗೂ ಸ್ವತಂತ್ರ ಗಾಯಕರ ಆಲ್ಬಂಗೂ ಇದೇ ಕ್ರಮ ನಡೆಯುತ್ತದೆ.

ಮೊದಲು ಜೊತೆಗಾರ

ನಿಮ್ಮಂತೆಯೇ ಕೇಳುವ ಗೆಳೆಯನೊಡನೆ ವಿಮರ್ಶೆಗೆ ಕುಳಿತರೆ ಇಬ್ಬರೂ ತಲೆಯಾಡಿಸಿ ಎದ್ದು ಬರುತ್ತೀರಿ. ರುಚಿ ಬೇರೆಯಾಗಿರುವುದಕ್ಕಿಂತ ಕಿವಿ ಬೇರೆಯಾಗಿರುವುದು ಮುಖ್ಯ. ನನ್ನ ಗೆಳೆಯ ವಾದ್ಯಗೋಷ್ಠಿಯೊಂದರಲ್ಲಿ ತಬಲಾ ನುಡಿಸುತ್ತಾನೆ. ಮದುವೆ ಆರತಕ್ಷತೆ, ಗಣೇಶೋತ್ಸವ, ರಾಜ್ಯೋತ್ಸವ ಎಂದು ವರ್ಷವಿಡೀ ಓಡಾಟ. ಹಾಡು ಶುರುವಾದ ಕೂಡಲೇ ಅವನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತದೆ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ನನ್ನ ಕಿವಿಗೆ ಮೊದಲು ಬೀಳುವುದು ಅಕ್ಷರ.

ನಿಮ್ಮ ಜೋಡಿ ಹೇಗಿದೆ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯುಂಟು. ಇಬ್ಬರಿಗೂ ಗೊತ್ತಿಲ್ಲದ ಒಂದು ಹಾಡನ್ನು ಒಮ್ಮೆ ಹಾಕಿ. ಮುಗಿದ ಮೇಲೆ ಮಾತನಾಡದೆ, ಮನಸ್ಸಿನಲ್ಲಿ ಉಳಿದ ಒಂದೇ ಸಂಗತಿಯನ್ನು ಇಬ್ಬರೂ ಚೀಟಿಯಲ್ಲಿ ಬರೆಯಿರಿ. ಐದು ಹಾಡುಗಳಿಗೆ ಹೀಗೆ ಮಾಡಿ. ಐದರಲ್ಲಿ ನಾಲ್ಕು ಚೀಟಿಗಳು ಒಂದೇ ಮಾತು ಹೇಳಿದರೆ ಗೆಳೆತನ ಗಟ್ಟಿಯಾಗಿದೆ ಎಂದು ಸಂತೋಷಪಡಿ, ವಿಮರ್ಶೆಗೆ ಮಾತ್ರ ಬೇರೆಯವರನ್ನು ಹುಡುಕಿ.

ಇಬ್ಬರಲ್ಲೂ ಸಮನಾಗಿ ಇರಬೇಕಾದದ್ದು ತಾಳ್ಮೆ. ಒಬ್ಬ ಮೂರು ಸಲ ಕೇಳಿ, ಇನ್ನೊಬ್ಬ ಬಸ್ಸಿನಲ್ಲಿ ಅರ್ಧ ಕೇಳಿ ಬಂದರೆ ಆ ವಾರದ ಸಭೆ ರದ್ದು. ಇದೊಂದರಲ್ಲಿ ನಾವು ದಾಕ್ಷಿಣ್ಯ ತೋರಿಸುವುದಿಲ್ಲ.

ಆಲ್ಬಂ ಎಂದರೆ ಯಾವುದು

ಈ ಪ್ರಶ್ನೆ ಈಗ ಮೊದಲಿಗಿಂತ ತೊಡಕಾಗಿದೆ. ಹಳೆಯ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಇಂಥ ಹಲವು ತಟ್ಟೆಗಳನ್ನು ಫೋಟೋ ಆಲ್ಬಂನಂಥ ರಟ್ಟಿನ ಪುಸ್ತಕದಲ್ಲಿ ಸೇರಿಸಿ ಮಾರುತ್ತಿದ್ದರು. ಆಲ್ಬಂ ಎಂಬ ಹೆಸರು ಬಂದದ್ದು ಅಲ್ಲಿಂದ. 1948ರಲ್ಲಿ ಕೊಲಂಬಿಯಾ ಸಂಸ್ಥೆ ತಂದ ಎಲ್‌ಪಿ ತಟ್ಟೆಯ ಒಂದೊಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿದ ಸಂಗೀತ ಹಿಡಿಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು. ನಮ್ಮಲ್ಲಿ ಹಾಡುಗಳ ಗುಚ್ಛ ಮನೆಮನೆಗೆ ಹೋದದ್ದು ಕ್ಯಾಸೆಟ್ಟಿನ ಮೂಲಕ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, 1978ರ ‘ನಿತ್ಯೋತ್ಸವ’ ಧ್ವನಿಸುರುಳಿ ಕನ್ನಡ ಸುಗಮ ಸಂಗೀತಕ್ಕೆ ಆ ದಾರಿ ತೆರೆಯಿತು. ಒಬ್ಬ ಕವಿ, ಒಬ್ಬ ಸಂಯೋಜಕ, ಎರಡು ಬದಿ. ಅರ್ಧಕ್ಕೆ ತೆಗೆದು ತಿರುವಿ ಹಾಕಬೇಕಾಗಿದ್ದರಿಂದ ‘ಎ’ ಬದಿಯ ಕೊನೆಯ ಹಾಡಿಗೂ ‘ಬಿ’ ಬದಿಯ ಮೊದಲ ಹಾಡಿಗೂ ಒಂದು ತೂಕವಿತ್ತು.

ಇಂದಿನ ಚಿತ್ರದ ಹಾಡುಗಳು ಹಾಗೆ ಬರುವುದಿಲ್ಲ. ಒಂದು ಲಿರಿಕಲ್ ವಿಡಿಯೋ ಇಂದು, ಇನ್ನೊಂದು ಮುಂದಿನ ತಿಂಗಳು, ಮೂರನೆಯದು ಚಿತ್ರ ಬಿಡುಗಡೆಯ ಹಿಂದಿನ ವಾರ. ಕೊನೆಗೆ ಎಲ್ಲವನ್ನೂ ಪೋಣಿಸಿ ಜೂಕ್‌ಬಾಕ್ಸ್ ಎಂದು ಹಾಕುತ್ತಾರೆ. ಅಷ್ಟು ಹೊತ್ತಿಗೆ ಮೊದಲ ಹಾಡು ಹಳತಾಗಿರುತ್ತದೆ.

ನಮ್ಮ ನಿಯಮ ಹೀಗಿದೆ: ಎಲ್ಲ ಹಾಡುಗಳೂ ಬಂದ ಮೇಲೆಯೇ ವಿಮರ್ಶೆ. ಬಿಡಿಯಾಗಿ ಬಂದವನ್ನು ಕೇಳಬಹುದು, ಅಂಕ ಹಾಕುವಂತಿಲ್ಲ. ಕರೋಕೆ, ರೀಮಿಕ್ಸ್, ಅದೇ ಹಾಡಿನ ತೆಲುಗು ತಮಿಳು ಅವತರಣಿಕೆಗಳನ್ನು ಎಣಿಸುವುದಿಲ್ಲ. ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯವರು ಆಲ್ಬಂ ಎನ್ನಲು ಬೇರೆಬೇರೆ ಐದು ಹಾಡು ಮತ್ತು ಒಟ್ಟು 15 ನಿಮಿಷ, ಇಲ್ಲವೇ ಹಾಡುಗಳೆಷ್ಟೇ ಇದ್ದರೂ 30 ನಿಮಿಷ ಇರಬೇಕೆನ್ನುತ್ತಾರೆ. ನಮ್ಮ ಎಷ್ಟೋ ಚಿತ್ರಗಳಲ್ಲಿ ಇರುವುದೇ ನಾಲ್ಕು ಹಾಡು. ಆದ್ದರಿಂದ ನಾವು ಮೂರಕ್ಕೆ ಇಳಿಸಿಕೊಂಡಿದ್ದೇವೆ. ಹದಿನೈದು ದಿನಕ್ಕೆ ಒಂದು ಆಲ್ಬಂ ಸಾಕು. ವಾರಕ್ಕೆ ಮೂರು ಎಂದು ಹೊರಟವರು ಎರಡನೆಯ ತಿಂಗಳಲ್ಲಿ ನಿಲ್ಲಿಸುತ್ತಾರೆ. ನಾವೂ ಒಮ್ಮೆ ನಿಲ್ಲಿಸಿದ್ದೆವು.

ಕಿವಿಗೆ ಸಲಕರಣೆ

ದುಬಾರಿ ಸಾಮಾನು ಬೇಡ. ಇಬ್ಬರ ಬಳಿಯೂ ಒಂದೇ ದರ್ಜೆಯ, ತಂತಿಯಿರುವ ಸಾಧಾರಣ ಹೆಡ್‌ಫೋನ್ ಇದ್ದರೆ ಸಾಕು. ಒಬ್ಬ ಹೆಡ್‌ಫೋನಿನಲ್ಲಿ, ಇನ್ನೊಬ್ಬ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಬಂದರೆ ಇಬ್ಬರೂ ಬೇರೆ ಬೇರೆ ಆಲ್ಬಂ ಕೇಳಿದಂತೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೆಳಸ್ಥಾಯಿಯ ನಾದ ಬಹುಪಾಲು ಸತ್ತುಹೋಗುತ್ತದೆ. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ಗುಂಕಿ ಕೇಳಿಸಲೇ ಇಲ್ಲ ಎಂದು ನಾನು ದೂರಿದಾಗ ಗೆಳೆಯ ಕೇಳಿದ ಮೊದಲ ಪ್ರಶ್ನೆ, ‘ಯಾವುದರಲ್ಲಿ ಕೇಳಿದೆ?’

ಧ್ವನಿಯ ಮಟ್ಟ ಒಂದೇ ಇರಲಿ. ಒಂದೇ ಹಾಡನ್ನು ಒಂದೆರಡು ಡೆಸಿಬೆಲ್ ಜೋರಾಗಿ ಕೇಳಿಸಿದರೆ, ಜೋರಾಗಿದೆ ಎನ್ನುವುದಕ್ಕೆ ಬದಲು ‘ಇದು ಹೆಚ್ಚು ಚೆನ್ನಾಗಿದೆ’ ಎನ್ನುತ್ತೇವೆ. ತೀರಾ ಮೆಲ್ಲಗೆ ಕೇಳಿದರೆ ಇನ್ನೊಂದು ಮೋಸ: ಕಡಿಮೆ ಶಬ್ದದಲ್ಲಿ ಕಿವಿ ಕೆಳಸ್ಥಾಯಿಯನ್ನು ಸರಿಯಾಗಿ ಹಿಡಿಯುವುದಿಲ್ಲ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದಾರೆ. ಸ್ಪಾಟಿಫೈನಂಥ ಆ್ಯಪ್‌ಗಳು ಎಲ್ಲ ಹಾಡುಗಳನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತವೆ. ಕಿವಿಗೆ ಅನಿಸುವ ಜೋರನ್ನು ಅಳೆಯುವ ಮಾನದಲ್ಲಿ ಅಲ್ಲಿ ರೂಢಿಯ ಮಟ್ಟ −14 ಎಲ್‌ಯುಎಫ್‌ಎಸ್. ಇಬ್ಬರೂ ಒಂದೇ ಆ್ಯಪ್‌ನಲ್ಲಿ, ಈ ಸೌಲಭ್ಯವನ್ನು ಚಾಲೂ ಇಟ್ಟುಕೊಂಡೇ ಕೇಳಿದರೆ ತಲೆನೋವು ಕಡಿಮೆ. ಸ್ಥಾಯಿಗಳನ್ನು ಏರಿಳಿಸುವ ಈಕ್ವಲೈಸರ್ ಬೇಡ.

ವಿಡಿಯೋ ನೋಡಬೇಡಿ. ನಾಯಕ ಮಳೆಯಲ್ಲಿ ನೆನೆಯುತ್ತಿರುವಾಗ ಟ್ಯೂನ್ ಬಡಕಲಾಗಿರುವುದು ಗೊತ್ತಾಗುವುದಿಲ್ಲ. ಎಷ್ಟು ಜನ ನೋಡಿದ್ದಾರೆ ಎಂಬ ಅಂಕಿಯನ್ನಂತೂ ಬೆರಳಿನಿಂದ ಮುಚ್ಚಿಕೊಳ್ಳಿ. ಸಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಸಂಶೋಧಕರು ಹೆಸರು ಕೇಳಿರದ ತಂಡಗಳ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಮಂದಿಗೆ ಅಂತರ್ಜಾಲದಲ್ಲಿ ಕೇಳಿಸಿದರು. ಕೆಲವರಿಗೆ ಬರಿಯ ಹಾಡು. ಉಳಿದವರನ್ನು ಹಲವು ಗುಂಪುಗಳಾಗಿ ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕವನ್ನೂ ತೋರಿಸಿದರು. ಲೆಕ್ಕ ನೋಡಿದವರಲ್ಲಿ ಗೆದ್ದ ಹಾಡು ಇನ್ನಷ್ಟು ಗೆದ್ದಿತು, ಸೋತದ್ದು ಇನ್ನಷ್ಟು ಸೋತಿತು. ಯಾವುದು ಗೆಲ್ಲುತ್ತದೆ ಎಂಬುದಂತೂ ಗುಂಪಿನಿಂದ ಗುಂಪಿಗೆ ಬದಲಾಯಿತು. 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅಪರಿಚಿತರ ಎಣಿಕೆಯೇ ಇಷ್ಟು ಎಳೆಯುವುದಾದರೆ, ಎದುರು ಕುಳಿತ ಗೆಳೆಯನ ‘ಆಹಾ’ ಎಷ್ಟು ಎಳೆಯಬಹುದು? ಮುಂದಿನ ಹೆಜ್ಜೆ ಇರುವುದು ಇದಕ್ಕಾಗಿಯೇ.

ಬೇರೆಬೇರೆಯಾಗಿ, ಮೂರು ಸಲ

ಮೊದಲ ಸಲ ಆರಂಭದಿಂದ ಕೊನೆಯವರೆಗೆ, ಕೊಟ್ಟಿರುವ ಕ್ರಮದಲ್ಲೇ, ನಡುವೆ ನಿಲ್ಲಿಸದೆ ಕೇಳಿ. ಪೆನ್ನು ದೂರವಿಡಿ. ನಾಲ್ಕೈದು ಹಾಡಿಗೆ ಇಪ್ಪತ್ತು ನಿಮಿಷ, ಅಷ್ಟೇ. ಮುಗಿದ ಮೇಲೆ ಹತ್ತು ನಿಮಿಷ ಬೇರೆ ಕೆಲಸ ಮಾಡಿ. ಆಮೇಲೆ ಯಾವ ಸಾಲು ಬಾಯಿಗೆ ಬರುತ್ತಿದೆ ಎಂದು ನೋಡಿಕೊಂಡು ಅದನ್ನು ಮಾತ್ರ ಬರೆಯಿರಿ. ಏನೂ ಬರದಿದ್ದರೆ ಏನೂ ಬರಲಿಲ್ಲ ಎಂದು ಬರೆಯಿರಿ.

ಎರಡನೆಯ ಸಲ ಪೆನ್ನು ಬೇಕು. ನಿಮಿಷ, ಸೆಕೆಂಡು ಸಮೇತ ಬರೆಯಿರಿ. ‘ಎರಡನೆಯ ಹಾಡು ಬೇಸರ’ ಎಂಬ ಟಿಪ್ಪಣಿಯಿಂದ ಉಪಯೋಗವಿಲ್ಲ. ‘ಹಾಡು 2, 1:48 — ಕೊಳಲು ಮುಗಿದ ಮೇಲೆ ಪಲ್ಲವಿ ಮತ್ತೆ ಬರುತ್ತದೆ, ಕಾಯುವಂತೆ ಮಾಡಿ ಏನನ್ನೂ ಕೊಡಲಿಲ್ಲ’ ಎಂದು ಬರೆದರೆ ಆರು ತಿಂಗಳ ಮೇಲೂ ಅದೇ ಜಾಗಕ್ಕೆ ಹೋಗಿ ನೋಡಬಹುದು.

ಮೂರನೆಯ ಸಲ ಎರಡು ದಿನ ಬಿಟ್ಟು, ಸಾಹಿತ್ಯವನ್ನು ಕಣ್ಣ ಮುಂದಿಟ್ಟುಕೊಂಡು. ಮೂರಕ್ಕಿಂತ ಹೆಚ್ಚು ಬೇಡ, ಅಥವಾ ಹೆಚ್ಚು ಕೇಳಿದರೆ ಎಷ್ಟು ಸಲ ಎಂದು ಬರೆದಿಡಿ. ಸುಮ್ಮನೆ ಮತ್ತೆ ಮತ್ತೆ ಎದುರಾಗುವ ವಸ್ತುವೇ ಇಷ್ಟವಾಗತೊಡಗುತ್ತದೆ ಎಂದು ಮನಃಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲಿ ತೋರಿಸಿಕೊಟ್ಟ. ಎಫ್‌ಎಂ ವಾಹಿನಿಗಳಿಗೆ ಅದು ಮೊದಲೇ ಗೊತ್ತಿತ್ತೇನೋ. ಇಪ್ಪತ್ತು ಸಲ ಕೇಳಿ ಎಂಟು ಕೊಟ್ಟವನೂ ಮೂರು ಸಲ ಕೇಳಿ ಎಂಟು ಕೊಟ್ಟವನೂ ಒಂದೇ ಮಾತು ಹೇಳುತ್ತಿಲ್ಲ.

ಈ ಮೂರೂ ಸಲ ಮುಗಿಯುವವರೆಗೆ ಆ ಆಲ್ಬಂ ಬಗ್ಗೆ ಇಬ್ಬರೂ ತುಟಿ ಬಿಚ್ಚಬಾರದು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಬೆಂಕಿಯ ಚಿತ್ರ ಕಳಿಸುವುದೂ ತಪ್ಪೇ. ನನ್ನ ಗೆಳೆಯನಿಗೆ ಇದು ಎಲ್ಲಕ್ಕಿಂತ ಕಷ್ಟದ ನಿಯಮ.

ಯಾವುದಕ್ಕೆ ಕಿವಿಗೊಡಬೇಕು

ಕನ್ನಡದ ಹಾಡಿಗೆ ಮೊದಲ ಪರೀಕ್ಷೆ ಅಕ್ಷರದ್ದು ಎನ್ನುವುದು ನನ್ನ ಹಟ. ಹೊರಗಿನ ಗಾಯಕರು ಬಂದು ಹಾಡುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದಿದೆ, ಅದರಲ್ಲಿ ತಪ್ಪೇನಿಲ್ಲ; ಅವರಲ್ಲಿ ಎಷ್ಟೋ ಮಂದಿ ನಮಗಿಂತ ಸ್ಪಷ್ಟವಾಗಿ ಹಾಡಿದ್ದಾರೆ. ಆದರೆ ‘ಳ’ ಮತ್ತು ‘ಲ’ ಬೇರೆಯಾಗಿ ಕೇಳಿಸಲೇಬೇಕು. ಹಾಲು ಬೇರೆ, ಹಾಳು ಬೇರೆ. ಮಳೆ ಬರುವುದು ಆಕಾಶದಿಂದ, ಮಲೆ ಇದ್ದಲ್ಲಿಯೇ ಇರುತ್ತದೆ. ಹಳ್ಳಿಯ ಹುಡುಗಿಯ ಮೇಲೆ ಹಾಡು ಕಟ್ಟಿ ಗಾಯಕ ಅದನ್ನು ‘ಹಲ್ಲಿ’ ಮಾಡಿದರೆ ಉಳಿದ ಮೂರು ನಿಮಿಷ ಗೋಡೆಯೇ ಕಣ್ಣ ಮುಂದೆ ಬರುತ್ತದೆ. ‘ಣ’ ಮತ್ತು ‘ನ’, ಮಹಾಪ್ರಾಣಗಳು, ಇವನ್ನೂ ಗುರುತು ಹಾಕಿಕೊಳ್ಳಿ. ತಪ್ಪು ಗಾಯಕನದಷ್ಟೇ ಅಲ್ಲ, ಸ್ಟುಡಿಯೋದಲ್ಲಿ ಕುಳಿತು ತಿದ್ದದೆ ಬಿಟ್ಟವರದೂ ಹೌದು.

ಆಮೇಲೆ ಹ್ರಸ್ವ–ದೀರ್ಘ. ಮೊದಲು ಟ್ಯೂನ್ ಮಾಡಿ ಆಮೇಲೆ ಮಾತು ತುಂಬುವುದು ಚಿತ್ರರಂಗದ ರೂಢಿ. ಟ್ಯೂನ್‌ನಲ್ಲಿ ದೀರ್ಘವಾಗಿ ನಿಲ್ಲುವ ಜಾಗಕ್ಕೆ ಹ್ರಸ್ವಾಕ್ಷರ ಬಿದ್ದರೆ ಗಾಯಕ ಎಳೆಯದೆ ವಿಧಿಯಿಲ್ಲ. ‘ಮನ’ ಎಳೆದರೆ ‘ಮಾನ’. ಪ್ರೇಮಗೀತೆಯಲ್ಲಿ ಮನ ಕಳೆದುಕೊಳ್ಳುವುದಕ್ಕೂ ಮಾನ ಕಳೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆಯಲ್ಲ! ಬೇರೆ ಭಾಷೆಯಲ್ಲಿ ಮೊದಲು ಬಂದ ಹಾಡನ್ನು ಕನ್ನಡಕ್ಕೆ ತಂದಾಗ ಈ ಎಳೆತ ಇನ್ನೂ ಹೆಚ್ಚು. ಅಂಥ ಆಲ್ಬಂಗಳಿಗೆ ನಾವು ನೋಟ್‌ಬುಕ್ಕಿನಲ್ಲಿ ‘ಮೂಲ’ ಅಥವಾ ‘ತಂದದ್ದು’ ಎಂದು ಬದಿಯಲ್ಲಿ ಗುರುತು ಹಾಕುತ್ತೇವೆ.

ಪ್ರಾಸದ ಬಗ್ಗೆಯೂ ಎಚ್ಚರವಿರಲಿ. ಹಳೆಯ ಕಾವ್ಯದಲ್ಲಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಕೂಡಿಸಬೇಕಿತ್ತು, ಅದಕ್ಕೆ ಬೆವರು ಬೇಕು. ಈಗಿನದು ಬಹುತೇಕ ಅಂತ್ಯಪ್ರಾಸ. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುವುದರಿಂದ ಅದು ಪುಕ್ಕಟೆಯಾಗಿ ಸಿಗುತ್ತದೆ: ನೋಡಿದೆ, ಕಾಡಿದೆ, ಹಾಡಿದೆ, ಓಡಿದೆ. ಇಂಥ ಪ್ರಾಸವನ್ನು ನಾನು ಎಣಿಸುವುದೇ ಇಲ್ಲ. ನಾಮಪದಕ್ಕೆ ನಾಮಪದ ಅನಿರೀಕ್ಷಿತವಾಗಿ ಕೂಡಿದಾಗ ಮಾತ್ರ ಒಂದು ಗೀಟು ಹಾಕುತ್ತೇನೆ.

ಟ್ಯೂನ್ ಬಗ್ಗೆ ಗೆಳೆಯ ಕಲಿಸಿದ ಒಂದು ಪ್ರಶ್ನೆ: ಚರಣಕ್ಕೆ ತನ್ನದೇ ಟ್ಯೂನ್ ಇದೆಯೇ, ಅಥವಾ ಪಲ್ಲವಿಯನ್ನೇ ತುಸು ಮೇಲಿನ ಸ್ವರದಲ್ಲಿ ಹಾಡಿಸಿದ್ದಾರೆಯೇ? ಚರಣದಿಂದ ಪಲ್ಲವಿಗೆ ಮರಳುವ ಆ ಎರಡು ಸೆಕೆಂಡನ್ನು ಬೇಕಾದರೆ ಹತ್ತು ಸಲ ಕೇಳಿ. ಸಂಯೋಜಕನ ಕಸುಬು ತಿಳಿಯುವುದು ಅಲ್ಲಿ. ಪಲ್ಲವಿ ಯಾರಿಗಾದರೂ ಹೊಳೆಯಬಹುದು, ಮನೆಗೆ ಹಿಂದಿರುಗುವ ದಾರಿ ಎಲ್ಲರಿಗೂ ಗೊತ್ತಿರುವುದಿಲ್ಲ ಎನ್ನುತ್ತಾನೆ ಅವನು. ಹಾಡು ಎಷ್ಟು ಬೇಗ ಶುರುವಾಗುತ್ತದೆ ಎಂಬುದನ್ನೂ ಗಮನಿಸಿ. ಸ್ಪಾಟಿಫೈನಲ್ಲಿ ಕನಿಷ್ಠ 30 ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಎಣಿಕೆ. ಒಂದು ನಿಮಿಷ ಪಿಟೀಲು ನುಡಿಸಿ ಆಮೇಲೆ ಗಾಯಕಿಯನ್ನು ಕರೆಯುವ ಧೈರ್ಯ ಈಗ ಅಪರೂಪ. ಯಾರಾದರೂ ಅಂಥ ಧೈರ್ಯ ಮಾಡಿದ್ದರೆ ಬರೆದುಕೊಳ್ಳಿ.

ಗಾಯನದಲ್ಲಿ ಉಸಿರು ಕೇಳಿಸುತ್ತದೆಯೇ ನೋಡಿ. 1997ರಲ್ಲಿ ಶ್ರುತಿ ತಿದ್ದುವ ಆಟೋಟ್ಯೂನ್ ತಂತ್ರಾಂಶ ಬಂದ ಮೇಲೆ ಶ್ರುತಿ ತಪ್ಪಿದ ಗಾಯನ ಆಲ್ಬಂಗಳಲ್ಲಿ ಸಿಗುವುದೇ ಕಷ್ಟ. ಹಾಗಾಗಿ ‘ಶ್ರುತಿಬದ್ಧವಾಗಿ ಹಾಡಿದ್ದಾರೆ’ ಎಂಬ ಹೊಗಳಿಕೆಗೆ ಈಗ ಬೆಲೆಯಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಮೆಟ್ಟಿಲು ಇಳಿದಂತೆ ಕೇಳಿಸಿದರೆ ಯಂತ್ರದ ಕೈ ಜೋರಾಗಿದೆ ಎಂದರ್ಥ. ಕುಣಿತದ ಹಾಡಿನಲ್ಲಿ ಅದು ಬೇಕೆಂದೇ ಮಾಡಿದ್ದಿರಬಹುದು, ಲಾಲಿಯಲ್ಲಿ ಇರಲಿಕ್ಕಿಲ್ಲ.

ಇನ್ನು ಮಿಕ್ಸಿಂಗ್, ಅಂದರೆ ದನಿ, ವಾದ್ಯಗಳ ಮಟ್ಟ ಹೊಂದಿಸುವುದು. ತಮಟೆಯೋ ಡೊಳ್ಳೋ ಬಂದ ಕೂಡಲೇ ಮಾತು ಮುಳುಗುತ್ತದೆಯೇ? ಅಷ್ಟು ನೋಡಿದರೆ ಸಾಕು.

ಅಂಕ

ನಾವು ನಡುವೆ ಒಮ್ಮೆ ನೂರಕ್ಕೆ ಹಾಕಿ ನೋಡಿದೆವು. 71ಕ್ಕೂ 73ಕ್ಕೂ ನಡುವಿನ ವ್ಯತ್ಯಾಸವೇನು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡಾಗ ಇಬ್ಬರೂ ಸುಮ್ಮನಾದೆವು. ಐದು ನಕ್ಷತ್ರ ಹಾಕಿದರೆ ಎಲ್ಲವೂ ಮೂರೂವರೆಯ ಹತ್ತಿರ ಬಂದು ಕುಳಿತವು. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್‌ನವರು ದಶಾಂಶ ಹಾಕಿ 0.0ರಿಂದ 10.0ರವರೆಗೆ ಅಳೆಯುತ್ತಾರೆ, ನ್ಯೂಯಾರ್ಕಿನ ಸಂಗೀತ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ 1969ರಿಂದ ಶಾಲೆಯ ಮೇಷ್ಟ್ರಂತೆ ‘ಎ’, ‘ಬಿ’, ‘ಸಿ’ ಎಂದು ದರ್ಜೆ ಕೊಟ್ಟುಕೊಂಡು ಬಂದವರು. ಯಾವ ಅಳತೆಯಾದರೂ ಆದೀತು, ಪ್ರತಿ ಅಂಕಕ್ಕೂ ಮಾತಿನಲ್ಲಿ ಅರ್ಥವಿದ್ದರೆ. ನಮ್ಮದು ಹತ್ತರ ಅಳತೆ, ಅರ್ಧ ಅಂಕಕ್ಕೆ ಅವಕಾಶವಿದೆ. ನೋಟ್‌ಬುಕ್ಕಿನ ರಟ್ಟಿನ ಒಳಗಡೆ ಹೀಗೆ ಬರೆದು ಅಂಟಿಸಿದ್ದೇವೆ:

3 — ಹೋಟೆಲಿನಲ್ಲಿ ಹಾಕಿದರೆ ಬೇಗ ತಿಂದು ಏಳುತ್ತೇನೆ.
5 — ಯಾರಾದರೂ ಹಾಕಿದರೆ ಕೇಳುತ್ತೇನೆ, ನಾನಾಗಿ ಹಾಕುವುದಿಲ್ಲ.
6 — ಒಂದೆರಡು ಹಾಡು ಮೊಬೈಲಿನಲ್ಲಿ ಉಳಿಯುತ್ತವೆ.
7 — ಎಲ್ಲ ಹಾಡುಗಳನ್ನೂ ದಾಟಿಸದೆ ಕೇಳುತ್ತೇನೆ.
8 — ಊರಿನಿಂದ ಬಂದ ತಮ್ಮನನ್ನು ಕೂರಿಸಿ ಕೇಳಿಸುತ್ತೇನೆ.
9 — ಮುಂದಿನ ವರ್ಷವೂ ಕೇಳುತ್ತೇನೆ ಎಂದು ಪಣ ಕಟ್ಟುತ್ತೇನೆ.

ಹತ್ತು ಇನ್ನೂ ಯಾರಿಗೂ ಸಿಕ್ಕಿಲ್ಲ. ಎರಡು ಮತ್ತು ಕೆಳಗಿನವಕ್ಕೆ ವಿವರಣೆ ಬರೆಯುವ ಮನಸ್ಸಾಗಲಿಲ್ಲ.

ಹಾಡುಗಳ ಅಂಕ ಕೂಡಿಸಿ ಭಾಗಿಸಿದರೆ ಆಲ್ಬಂನ ಅಂಕ ಬಂತು ಎಂದುಕೊಳ್ಳಬೇಡಿ. ಆರು ಹಾಡುಗಳಿಗೆ 9, 9, 5, 5, 4, 4 ಬಂದರೂ ಸರಾಸರಿ 6. ಆರಕ್ಕೂ ಆರೇ ಬಂದರೂ ಸರಾಸರಿ 6. ಮೊದಲನೆಯ ಆಲ್ಬಂ ಎರಡು ಹಾಡಿನಿಂದ ನೆನಪಿನಲ್ಲಿ ಉಳಿಯುತ್ತದೆ. ಎರಡನೆಯದನ್ನು ಮಳೆಗಾಲದ ಪ್ರಯಾಣದಲ್ಲಿ ಪೂರ್ತಿ ಕೇಳಬಹುದು, ಇಳಿದ ಮೇಲೆ ಮರೆತುಹೋಗುತ್ತದೆ. ಆಲ್ಬಂನ ಅಂಕವನ್ನು ಪ್ರತ್ಯೇಕವಾಗಿ, ಮೇಲಿನ ಮಾತುಗಳನ್ನು ನೋಡಿಕೊಂಡು ಹಾಕಿ.

ಒಂದು ಅಳತೆಗೋಲೂ ಬೇಕು. ಇಬ್ಬರೂ ಚೆನ್ನಾಗಿ ಬಲ್ಲ ಮೂರು ಹಳೆಯ ಆಲ್ಬಂಗಳನ್ನು ಆರಿಸಿ, ಒಂದಕ್ಕೆ ಐದು, ಒಂದಕ್ಕೆ ಏಳು, ಒಂದಕ್ಕೆ ಒಂಬತ್ತು ಎಂದು ನಿಗದಿ ಮಾಡಿ. ಹೊಸದಕ್ಕೆ ಎಂಟು ಹಾಕುವ ಮೊದಲು ‘ಇದು ಆ ಏಳಕ್ಕಿಂತ ಮೇಲೇ?’ ಎಂದು ಕೇಳಿಕೊಳ್ಳಿ. ವರ್ಷಾಂತ್ಯದ ಹೊತ್ತಿಗೆ ಅಂಕಗಳು ಸದ್ದಿಲ್ಲದೆ ಉಬ್ಬುವುದನ್ನು ಇದು ತಡೆಯುತ್ತದೆ.

ಅಂಕವನ್ನು ಚೀಟಿಯಲ್ಲಿ ಬರೆದು, ಮಡಚಿ, ಜೇಬಿನಲ್ಲಿಟ್ಟುಕೊಂಡು ಸಭೆಗೆ ಬನ್ನಿ.

ಚೀಟಿ ಬಿಡಿಸುವ ದಿನ

ಇಬ್ಬರೂ ಒಟ್ಟಿಗೆ ಬಿಡಿಸಬೇಕು. ಹೆಚ್ಚು ಅಂಕ ಕೊಟ್ಟವನು ಮೊದಲು ಮಾತನಾಡಬೇಕು. ಕಾರಣವಿದೆ: ಬಯ್ಯುವುದು ಸುಲಭ, ಕೇಳಲೂ ಮಜವಾಗಿರುತ್ತದೆ, ಅದು ಮೊದಲು ಬಂದರೆ ಮೆಚ್ಚಿದವನು ನಾಚಿಕೊಂಡು ಅರ್ಧ ಮಾತು ನುಂಗುತ್ತಾನೆ. ಐದು ನಿಮಿಷ ಅವನದು, ಐದು ನಿಮಿಷ ಇವನದು, ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಟಿಪ್ಪಣಿಯಲ್ಲಿ ಬರೆದ ನಿಮಿಷ–ಸೆಕೆಂಡಿಗೆ ಹೋಗಿ ಆ ತುಣುಕನ್ನು ಹಾಕಿ, ಇಬ್ಬರೂ ಕೇಳಿ.

ಒಮ್ಮೆ ಹೀಗಾಯಿತು. ಹೆಸರು ಬೇಡ, ಒಂದು ಮಳೆಯ ಹಾಡು. ಎರಡನೆಯ ಚರಣದ ಆರಂಭದಲ್ಲಿ ‘ಬಾನಲ್ಲಿ’ ಎಂಬ ಪದವಿದೆ. ಗಾಯಕ ‘ಬಾ’ ಎಂದು ಎಳೆದು, ಉಸಿರು ತೆಗೆದುಕೊಂಡು, ‘ನಲ್ಲಿ’ ಎನ್ನುತ್ತಾನೆ. ಬಾ, ನಲ್ಲಿ! ಕಾರ್ಪೊರೇಷನ್ ನೀರಿಗಾಗಿ ಕಾದವನ ಮೊರೆಯಂತೆ ನನಗೆ ಕೇಳಿಸಿತು. ಸಾಹಿತ್ಯಕ್ಕೆ ಕೆಟ್ಟ ಅಂಕ ಹಾಕಿ, ಗೀತರಚನೆಕಾರರನ್ನು ತರಾಟೆಗೆ ತೆಗೆದುಕೊಳ್ಳಲು ಸಿದ್ಧನಾಗಿ ಹೋಗಿದ್ದೆ. ಗೆಳೆಯ ತುಣುಕನ್ನು ಎರಡು ಸಲ ಕೇಳಿದ. ಮೇಜಿನ ಮೇಲೆ ತಾಳ ಹಾಕುತ್ತ, ‘ಈಗ ನೀನು ಹಾಡು, ಉಸಿರನ್ನು “ಬಾ” ಗಿಂತ ಮೊದಲೇ ತೆಗೆದುಕೋ’ ಎಂದ. ನನ್ನ ಕಂಠದ ಬಗ್ಗೆ ಹೇಳದಿರುವುದೇ ಒಳ್ಳೆಯದು, ಆದರೂ ಹಾಡಿದೆ. ‘ಬಾನಲ್ಲಿ’ ಒಂದೇ ಪದವಾಗಿ ಬಂತು. ಟ್ಯೂನಿನಲ್ಲಿ ಅಲ್ಲಿ ಬಿಡುವೇ ಇರಲಿಲ್ಲ. ಪದವೂ ಸರಿಯಾಗಿಯೇ ಕೂತಿತ್ತು. ಮುರಿದದ್ದು ಗಾಯಕನ ಉಸಿರು, ಅದನ್ನು ಇನ್ನೊಂದು ಟೇಕ್ ತೆಗೆಯದೆ ಬಿಟ್ಟವರ ಅವಸರ. ನಾನೊಬ್ಬನೇ ಬರೆದಿದ್ದರೆ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತಿತ್ತು. ಅವನೊಬ್ಬನೇ ಬರೆದಿದ್ದರೆ ನಲ್ಲಿ ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಚರ್ಚೆಯಾದ ಮೇಲೆ ಅಂಕ ಬದಲಿಸಬಹುದು, ಒಂದು ಸಲ ಮಾತ್ರ. ಹಳೆಯದನ್ನು ಅಳಿಸಬಾರದು; ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನೂ ಕಾರಣವನ್ನೂ ಬರೆಯಬೇಕು. ‘ಗೆಳೆಯ ಬೇಸರಪಟ್ಟುಕೊಂಡಾನು’ ಎಂಬುದು ಕಾರಣವಲ್ಲ. ಮಾತು ಬಿಸಿಯಾದರೆ ನಾವು ಒಂದು ಉಪಾಯ ಮಾಡುತ್ತೇವೆ: ಅವನ ವಾದವನ್ನು ನಾನು, ನನ್ನ ವಾದವನ್ನು ಅವನು ಹೇಳಬೇಕು, ಅದೂ ಎದುರಿನವನು ‘ಹೌದು, ಇದೇ ನನ್ನ ಮಾತು’ ಎನ್ನುವವರೆಗೆ. ಮೂರನೆಯ ಪ್ರಯತ್ನದ ಹೊತ್ತಿಗೆ ಸಾಮಾನ್ಯವಾಗಿ ನಗು ಬಂದಿರುತ್ತದೆ.

ಎರಡು ಅಂಕಗಳ ನಡುವೆ ಮೂರಕ್ಕಿಂತ ಹೆಚ್ಚು ಅಂತರವಿದ್ದರೆ ಖುಷಿಪಡಿ. ಆ ವಾರದ ಬರಹವೇ ಓದಿಸಿಕೊಳ್ಳುತ್ತದೆ. ಶಿಕಾಗೋದ ಎದುರಾಳಿ ಪತ್ರಿಕೆಗಳಲ್ಲಿದ್ದ ಸಿಸ್ಕೆಲ್ ಮತ್ತು ಈಬರ್ಟ್ ಎಂಬ ಸಿನಿಮಾ ವಿಮರ್ಶಕರು ಟಿವಿಯಲ್ಲಿ ಒಟ್ಟಿಗೆ ಕುಳಿತು ವರ್ಷಗಟ್ಟಲೆ ಜಗಳವಾಡಿದರು. ಇಬ್ಬರದೂ ಒಂದೊಂದು ಹೆಬ್ಬೆರಳು, ಮೆಚ್ಚಿದರೆ ಮೇಲೆ, ಇಲ್ಲದಿದ್ದರೆ ಕೆಳಗೆ. ಎರಡನ್ನೂ ಕೂಡಿಸಿ ಅಡ್ಡ ಹಿಡಿದವರಲ್ಲ.

ಬರೆಯುವುದು

ಒಬ್ಬನು ಇಡೀ ಬರಹ ಬರೆಯಲಿ, ಇನ್ನೊಬ್ಬನು ಕೊನೆಯಲ್ಲಿ ತನ್ನ ಭಿನ್ನಮತವನ್ನು ಒಂದು ಪ್ಯಾರಾದಲ್ಲಿ ಬರೆಯಲಿ. ಮುಂದಿನ ಸಲ ಸರದಿ ಬದಲು. ಇಬ್ಬರೂ ಸೇರಿ ಒಂದೊಂದು ವಾಕ್ಯ ಬರೆಯಲು ಹೋದರೆ ‘ಒಟ್ಟಿನಲ್ಲಿ ಪರವಾಗಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಮೊದಲು ಸಂಗತಿ ಇರಲಿ: ಎಷ್ಟು ಹಾಡು, ಒಟ್ಟು ಎಷ್ಟು ನಿಮಿಷ, ಯಾರ ಸಂಗೀತ, ಯಾರ ಸಾಹಿತ್ಯ, ಯಾರ ಕಂಠ. ಗೀತರಚನೆಕಾರರ ಹೆಸರನ್ನು ದಯವಿಟ್ಟು ಬಿಡಬೇಡಿ. ಆ್ಯಪ್‌ಗಳಲ್ಲಿ ಅದನ್ನು ಹುಡುಕಲು ನಾಲ್ಕು ಸಲ ಒತ್ತಬೇಕಾಗುತ್ತದೆ. ‘ಅದ್ಭುತ’, ‘ಕರ್ಣಾನಂದಕರ’, ‘ಗುನುಗುವಂತಿದೆ’, ‘ಯುವಜನರಿಗೆ ಇಷ್ಟವಾಗಬಹುದು’ ಎಂಬ ಮಾತುಗಳನ್ನು ನಾವು ನಿಷೇಧಿಸಿದ್ದೇವೆ. ಬಳಸಿದವನು ಕಾಫಿ ಕೊಡಿಸಬೇಕು. ‘ಮೂರನೆಯ ಹಾಡು ಮಧುರವಾಗಿದೆ’ ಎಂದು ಬರೆದದ್ದನ್ನು ಹೀಗೆ ತಿದ್ದಿದೆವು: ‘ಮೂರನೆಯ ಹಾಡಿನಲ್ಲಿ ವಾದ್ಯಗಳೆಲ್ಲ ನಿಂತು ತಂಬೂರಿ ಮಾತ್ರ ಉಳಿಯುವ ಎಂಟು ಸೆಕೆಂಡು ಬರುತ್ತದೆ, ಗಾಯಕಿ ಅಲ್ಲಿ ದನಿ ಏರಿಸುವುದಿಲ್ಲ, ಇಳಿಸುತ್ತಾಳೆ.’ ಓದುಗನಿಗೆ ಆ ಎಂಟು ಸೆಕೆಂಡನ್ನು ಕೇಳಬೇಕೆನಿಸಿದರೆ ಬರಹ ಕೆಲಸ ಮಾಡಿದೆ.

ಸಾಹಿತ್ಯದಿಂದ ಒಂದೆರಡು ಸಾಲು ಎತ್ತಿ ಬರೆಯುವುದಕ್ಕೆ ಹೆದರಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಹಾಡಿನ ಪೂರ್ತಿ ಸಾಹಿತ್ಯ ಇಳಿಸಿಬಿಟ್ಟರೆ ಅದು ವಿಮರ್ಶೆ ಎನಿಸಿಕೊಳ್ಳುವುದಿಲ್ಲ. ವಿಡಿಯೋ ರೂಪದಲ್ಲಿ ಮಾಡುವವರು ಹಾಡನ್ನು ಹಾಕುವ ಬದಲು ಗುನುಗಿ ತೋರಿಸುವುದು ಕ್ಷೇಮ. ಯಂತ್ರಗಳು ಮೂಲ ಧ್ವನಿಯನ್ನು ಬೇಗ ಗುರುತು ಹಿಡಿದು ತಕರಾರು ತೆಗೆಯುತ್ತವೆ.

ಪರಿಚಯದವರ ಆಲ್ಬಂ ಬಂದರೆ

ವಾದ್ಯಗೋಷ್ಠಿಯವರಿಗೆಲ್ಲ ಗೆಳೆಯ ಬೇಕಾದವನು. ಅವನು ತಬಲಾ ನುಡಿಸಿದ ಅಥವಾ ಅವನ ಜೊತೆಯವರು ನುಡಿಸಿದ ಆಲ್ಬಂ ಬಂದರೆ ಅವನು ಅಂಕ ಹಾಕುವುದಿಲ್ಲ, ಆ ಪುಟದಲ್ಲಿ ಅವನ ಕಡೆ ಖಾಲಿ. ಖಾಲಿ ಏಕೆ ಎಂದೂ ಬರೆಯುತ್ತೇವೆ. ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ.

ವರ್ಷದ ಮೇಲೆ

ಡಿಸೆಂಬರಿನಲ್ಲಿ ಒಂದು ಭಾನುವಾರ ಹಳೆಯ ನೋಟ್‌ಬುಕ್ ತೆಗೆದು, ಹಿಂದಿನ ವರ್ಷದ ಆಲ್ಬಂಗಳಲ್ಲಿ ಐದನ್ನು ಚೀಟಿ ಎತ್ತಿ ಮತ್ತೆ ಕೇಳುತ್ತೇವೆ. ಹಳೆಯ ಅಂಕ ನೋಡದೆ ಹೊಸದಾಗಿ ಅಂಕ ಹಾಕಿ, ಆಮೇಲೆ ಪುಟ ತಿರುವುತ್ತೇವೆ. ಹೋದ ಸಲ ಎತ್ತಿದ ಒಂದಕ್ಕೆ ಬಿಡುಗಡೆಯ ವಾರ ನಾನು ಏಳೂವರೆ ಕೊಟ್ಟಿದ್ದೆ, ಗೆಳೆಯ ನಾಲ್ಕು. ಅಂದು ಒಂದೂವರೆ ಗಂಟೆ ವಾದ ಮಾಡಿ, ಯಾರೂ ಒಂದು ಚೂರೂ ಜಗ್ಗದೆ ಎದ್ದಿದ್ದೆವು. ಈಗ ನನ್ನ ಚೀಟಿಯಲ್ಲಿ ಐದು ಇತ್ತು, ಅವನ ಚೀಟಿಯಲ್ಲಿ ಏಳು. ಅವನು ಆ ವರ್ಷವಿಡೀ ಅದರ ಎರಡು ಹಾಡುಗಳನ್ನು ವೇದಿಕೆಯ ಮೇಲೆ ನುಡಿಸಿ ಅದರ ನಡೆಗೆ ಒಗ್ಗಿಹೋಗಿದ್ದ. ನನಗೆ ಅದೇ ಪ್ರಾಸಗಳು ಸವೆದು ತಂತಿ ಕಾಣುತ್ತಿತ್ತು. ಮತ್ತೆ ಒಂದೂವರೆ ಗಂಟೆ ವಾದವಾಯಿತು, ಈ ಸಲ ಪಕ್ಷ ಬದಲಿಸಿಕೊಂಡು. ಅಂದು ಅವನು ಹೇಳಿದ್ದ ಮಾತುಗಳನ್ನೇ ನಾನು, ನಾನು ಹೇಳಿದ್ದನ್ನೇ ಅವನು ಹೇಳುತ್ತಿದ್ದೆವು. ಪುಟದಲ್ಲಿ ಈಗ ನಾಲ್ಕು ಅಂಕಗಳಿವೆ.